ಕೈಗುಣದ ಡಾಕ್ಟರು

ಹೋದ ತಿಂಗಳು ರಾಮನಗರದಲ್ಲಿ ಅವರಿಗೊಂದು ಶ್ರದ್ಧಾಂಜಲಿ ಸಭೆ ನಡೆಯಿತು. ಹಾರ ಹಾಕಿದ ಫೋಟೋ, ಅದರ ಮುಂದೊಂದು ದೀಪ, ಪಕ್ಕದಲ್ಲಿ ನಡುನಡುವೆ ಕೈಕೊಡುವ ಮೈಕು. ಮಾತಾಡಿದವರೆಲ್ಲ ಅವರ ಕೈಗುಣವನ್ನೇ ಹೊಗಳಿದರು. ಒಬ್ಬರಂತೂ, "ಕೊನೆಯವರೆಗೂ ಆ ಕೈ ಒಂದು ದಿನವೂ ನಡುಗಲಿಲ್ಲ" ಎಂದುಬಿಟ್ಟರು. ಎರಡನೇ ಸಾಲಿನಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಆ ಒಂದು ಮಾತನ್ನು ಉಳಿಸಿಕೊಳ್ಳಲು ಆ ಮನುಷ್ಯ ಏನನ್ನು ಕಳೆದುಕೊಂಡರೆಂಬುದು ನನಗೆ ಗೊತ್ತಿತ್ತು. ಎದ್ದು ಹೇಳುವ ಜಾಗ ಅದಲ್ಲ, ಅವರ ಹೆಂಡತಿ ಎದುರಿಗೇ ಕೂತಿದ್ದರು. ಕಾಫಿಯನ್ನೂ ಕುಡಿಯದೆ ಎದ್ದು ಬಂದೆ.

ಆಮೇಲೆ ಒಂದು ದಿನ ಅವರ ಹೆಂಡತಿಯ ಬಳಿಗೇ ಹೋಗಿ, "ನಿಮ್ಮೋರ ಬಗ್ಗೆ ನಿಜ ಬರೀಬೇಕು ಅನ್ನಿಸ್ತಿದೆ" ಎಂದೆ. ಆಕೆ, "ಹೆಸರೊಂದು ಹಾಕ್ಬೇಡಿ, ಉಳಿದದ್ದು ಬರೀರಿ. ನಾನೇ ಹೇಳೋಣ ಅಂದ್ರೆ ನನಗೆ ಬಾಯಿ ಬರಲ್ಲ" ಎಂದರು. ಹಾಗಾಗಿ ಇಲ್ಲಿ ಅವರು ಬರೀ ಡಾಕ್ಟರು.

ನಾನು ಅರಿವಳಿಕೆ ಕೊಡುವವಳು. ನಮ್ಮ ಕಡೆಯ ಜನರ ಬಾಯಲ್ಲಿ ಪ್ರಜ್ಞೆ ತಪ್ಪಿಸುವ ಡಾಕ್ಟ್ರಮ್ಮ. ಈ ಕಸುಬಿನಲ್ಲಿ ಹೆಸರು ಬರುವುದಿಲ್ಲ. ಆಪರೇಷನ್ ಆದವರು ಹೊಲಿಗೆ ಹಾಕಿದವರನ್ನು ಜನ್ಮವಿಡೀ ನೆನೆಯುತ್ತಾರೆ, ಮಲಗಿಸಿ ಎಬ್ಬಿಸಿದವಳ ಮುಖ ಮರೆತೇಬಿಡುತ್ತಾರೆ. ರಾಮನಗರ, ಚನ್ನಪಟ್ಟಣದ ನಾಲ್ಕಾರು ನರ್ಸಿಂಗ್ ಹೋಮುಗಳಿಗೆ ಓಡಾಡಿಕೊಂಡಿದ್ದ ನನಗೆ ಅವರ ಪರಿಚಯವಾದದ್ದು ಒಂದು ಅಪೆಂಡಿಕ್ಸ್ ಆಪರೇಷನ್ನಿನಲ್ಲಿ. ರೋಗಿ ಹುಡುಗಿ ಹೆದರಿ ಬಿಳಿಚಿಕೊಂಡಿದ್ದಳು. ಡಾಕ್ಟರು ಅವಳಿಗೆ, "ಏನೂ ಭಯ ಬೇಡಮ್ಮ, ನಮ್ಮ ಡಾಕ್ಟ್ರಮ್ಮ ಮಲಗಿಸೋದ್ರಲ್ಲಿ ಎತ್ತಿದ ಕೈ" ಎಂದರು. ಅವಳು, "ಎಬ್ಬಿಸೋದ್ರಲ್ಲಿ?" ಎಂದಳು. "ಅದನ್ನ ಅವರನ್ನೇ ಕೇಳಬೇಕು, ನಾನು ಇವತ್ತೇ ನೋಡ್ತಿರೋದು" ಎಂದು ನನ್ನ ಕಡೆ ಕೈ ತೋರಿಸಿದರು. ಹುಡುಗಿ ನಕ್ಕಳು. ನನಗೆ ಸಿಟ್ಟು ಬಂತು. ಆ ಸಿಟ್ಟು ಪೂರ್ತಿ ಇಳಿಯುವ ಹೊತ್ತಿಗೆ ನಾವಿಬ್ಬರೂ ಹಳೆಯ ಸ್ನೇಹಿತರಾಗಿದ್ದೆವು.

ಕೂಟಗಲ್ ಕಡೆಯ ರೇಷ್ಮೆ ಬೆಳೆಯುವ ಮನೆಯಿಂದ ಬಂದವರು ಅವರು. ಊಟಕ್ಕೆ ಮುದ್ದೆ ಬಿಟ್ಟು ಬೇರೇನು ಕೊಟ್ಟರೂ ಅದನ್ನು ತಿಂಡಿ ಎನ್ನುತ್ತಿದ್ದರು. ಥಿಯೇಟರಿನ ಪಕ್ಕದ ಕೋಣೆಯಲ್ಲಿ ಡಬ್ಬಿ ಬಿಚ್ಚಿದರೆಂದರೆ ಬಸ್ಸಾರಿನ ವಾಸನೆ ವಾರ್ಡಿನ ತನಕ ಹೋಗುತ್ತಿತ್ತು. ಆಪರೇಷನ್‌ಗೆ ಮುಂಚೆ ಅವರದೊಂದು ರೂಢಿಯಿತ್ತು. ರೋಗಿಗೆ ಇನ್ನೂ ಎಚ್ಚರವಿರುವಾಗಲೇ ಬರಿಗೈಯನ್ನು ಅವರ ಹೊಟ್ಟೆಯ ಮೇಲೆ ಸ್ವಲ್ಪ ಹೊತ್ತು ಇಡುವುದು, ಆಮೇಲೆ ಕೈ ತೊಳೆಯಲು ಹೋಗುವುದು. ಪರೀಕ್ಷೆಯೆಲ್ಲ ಹಿಂದಿನ ದಿನವೇ ಮುಗಿದಿರುತ್ತಿತ್ತು, ಹೀಗಿಡುವುದಕ್ಕೆ ವೈದ್ಯಶಾಸ್ತ್ರದಲ್ಲಿ ಕಾರಣವೇನೂ ಇರಲಿಲ್ಲ. ಕೇಳಿದರೆ, "ಕೊಯ್ಯೋನು ಯಾರು ಅಂತ ಅವರಿಗೂ ಗೊತ್ತಾಗಲಿ" ಎನ್ನುತ್ತಿದ್ದರು. ನಮ್ಮ ಜನಕ್ಕೆ ಅದು ಸಾಕಾಗಿತ್ತು. ಕುದೂರಿನಿಂದ, ದೊಡ್ಡಆಲಹಳ್ಳಿಯಿಂದ ಬಸ್ಸು ಬದಲಾಯಿಸಿಕೊಂಡು ಬರುತ್ತಿದ್ದರು. ಓದಿದವರು, ಬ್ಯಾಂಕಿನವರು, ಮೇಷ್ಟರುಗಳು ಕೂಡ, "ಡಿಗ್ರಿ ಎಲ್ಲರಿಗೂ ಇರುತ್ತೆ ಮೇಡಂ, ಕೈಗುಣ ಬೇಕಲ್ಲ" ಎಂದು ನನಗೇ ಪಾಠ ಹೇಳುತ್ತಿದ್ದರು. ನನಗೆ ಕೈಗುಣದಲ್ಲಿ ನಂಬಿಕೆಯಿಲ್ಲ. ಅಭ್ಯಾಸದಲ್ಲಿದೆ. ಆದರೆ ಅವರು ದಾರದ ಗಂಟು ಹಾಕುವುದನ್ನು ನೋಡುವಾಗ ವಾದ ಮಾಡಬೇಕೆನ್ನಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ, ಪಿತ್ತಕೋಶದ ಆಪರೇಷನ್ ನಡೆಯುತ್ತಿದ್ದಾಗ, ಆ ದಾರದ ತುದಿ ಅಲುಗಾಡುವುದನ್ನು ಕಂಡೆ. ಅವರೂ ಕಂಡರು. ಮಾಸ್ಕಿನ ಮೇಲಿಂದ ಒಮ್ಮೆ ನನ್ನ ಕಡೆ ನೋಡಿ ಕೆಲಸ ಮುಂದುವರಿಸಿದರು. ಮುಗಿದ ಮೇಲೆ ಬಹಳ ಹೊತ್ತು ಕೈ ತೊಳೆಯುತ್ತಲೇ ನಿಂತರು.

"ನೋಡಿದ್ರಾ?" ಎಂದು ಕೇಳಿದರು.

"ನೋಡ್ದೆ ಸಾರ್."

"ಅಪ್ಪನ ಕೈ ಬಂತು" ಎಂದರು. ಅಷ್ಟೇ ಹೇಳಿ ನಲ್ಲಿ ನಿಲ್ಲಿಸಿದರು.

ಅಪ್ಪನ ಕಥೆಯನ್ನು ಆಮೇಲೆ ತುಂಡು ತುಂಡಾಗಿ ಹೇಳಿದರು. ಅವರ ತಂದೆಗೆ ನಡುವಯಸ್ಸಿನಲ್ಲೇ ಕೈ ನಡುಕ ಬಂದಿತ್ತು. ಹಣ್ಣಾದ ರೇಷ್ಮೆಹುಳುವನ್ನು ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡುವುದು ನಾಜೂಕಿನ ಕೆಲಸ. ಆ ಕೈಯಿಂದ ಹುಳು ಉದುರಿ ನೆಲಕ್ಕೆ ಬೀಳುತ್ತಿದ್ದವು. ಊರವರು ನಡುಗಪ್ಪ ಎಂದು ಕರೆದರು. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತರೆ ಸಾರು ಮೈಮೇಲೆ ಚೆಲ್ಲಿಕೊಳ್ಳುತ್ತಾರೆಂದು ಹುಡುಗರು ನೋಡಲು ನಿಲ್ಲುತ್ತಿದ್ದರಂತೆ. ಕೊನೆಗೆ ಡಾಕ್ಟರ ಅಣ್ಣ ಶಾಲೆ ಬಿಟ್ಟು ಹುಳುಮನೆ ಸೇರಿದರು, ತಮ್ಮ ಓದಿದರು. ಆ ಅಣ್ಣ ರಾಮನಗರದ ಗೂಡಿನ ಮಾರುಕಟ್ಟೆಗೆ ಬಂದಾಗಲೆಲ್ಲ ನರ್ಸಿಂಗ್ ಹೋಮಿಗೆ ಬಂದು, ತಮ್ಮನ ಕೈ ಹಿಡಿದು, ಯಾರಿದ್ದರೂ ಲೆಕ್ಕಿಸದೆ, ನನ್ನ ಕಡೆ ತಿರುಗಿ, "ನೋಡಿ ಅವ್ವಾ, ಅಪ್ಪನ ಕೈ ಇವನಿಗೆ ಬರ್ಲಿಲ್ಲ. ದೇವ್ರು ದೊಡ್ಡೋನು" ಎನ್ನುತ್ತಿದ್ದರು. ನಾನೇ ಎಷ್ಟೋ ಸಲ ಕೇಳಿದ್ದೇನೆ. ತೋಟ, ಹುಳು, ಮಕ್ಕಳು, ಯಾವುದರ ಬಗ್ಗೆಯೂ ಆ ಮನುಷ್ಯ ಅಷ್ಟು ಹೆಮ್ಮೆಯಿಂದ ಮಾತಾಡಿದ್ದನ್ನು ನಾನು ಕಾಣೆ.

ನರರೋಗದ ಡಾಕ್ಟರು ಪರೀಕ್ಷಿಸಿ, ಇದು ವಂಶದಲ್ಲಿ ಬರುವ ನಡುಕ, ಜೀವಕ್ಕೇನೂ ಅಪಾಯವಿಲ್ಲ ಎಂದು ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ಒಂದಿಷ್ಟು ತಗ್ಗಿತು, ಹೋಗಲಿಲ್ಲ. ನಮ್ಮ ಡಾಕ್ಟರು ಯಾರ ಕೈಲೂ ಹೇಳಿಸಿಕೊಳ್ಳದೆ ಹೊಟ್ಟೆ ಕೊಯ್ದು ಮಾಡುವ ಆಪರೇಷನ್‌ಗಳನ್ನು ನಿಲ್ಲಿಸಿದರು. ಈ ವಿಷಯದಲ್ಲಿ ಅವರನ್ನು ಮೆಚ್ಚಲೇಬೇಕು. ಇನ್ನೊಂದಿಷ್ಟು ದಿನ ನೋಡೋಣ ಎನ್ನುವ ಸರ್ಜನ್‌ಗಳನ್ನು ಕಂಡಿದ್ದೇನೆ, ಇವರು ನೋಡಲಿಲ್ಲ.

ಎಲ್ಲರೂ ಅವರು ಓಪಿಡಿ ನೋಡಿಕೊಂಡು ಆರಾಮಾಗಿರುತ್ತಾರೆ ಅಂದುಕೊಂಡರೆ, ಅವರು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋಗಿ ರೋಬಾಟ್ ಸರ್ಜರಿ ಕಲಿಯಲು ಕೂತರು. ತಮ್ಮ ಶಿಷ್ಯರ ವಯಸ್ಸಿನವರ ಪಕ್ಕದಲ್ಲಿ ಕೂತು, ಪರದೆಯ ಮೇಲಿನ ಸುಳ್ಳು ದಾರದಲ್ಲಿ ಸುಳ್ಳು ಗಂಟು ಹಾಕುವುದನ್ನು ದಿನಗಟ್ಟಲೆ ಅಭ್ಯಾಸ ಮಾಡಿದರು. ಮೊದಮೊದಲು ಬಹಳ ಒದ್ದಾಡಿದರು. ಆ ಯಂತ್ರದಲ್ಲಿ ದಾರ ಎಳೆದರೆ ಬೆರಳಿಗೆ ಏನೂ ತಿಳಿಯುವುದಿಲ್ಲ, ಎಷ್ಟು ಬಿಗಿಯಾಯಿತೆಂದು ಕಣ್ಣಿನಲ್ಲೇ ಅಳೆಯಬೇಕು. ಬದುಕೆಲ್ಲ ಮುಟ್ಟಿ ತಿಳಿದವರಿಗೆ ಅದು ಸುಲಭದ ಮಾತಲ್ಲ. "ಎಷ್ಟು ದಾರ ಹರಿದೆ ಅಂತ ಕೇಳ್ಬೇಡಿ ಡಾಕ್ಟ್ರಮ್ಮ" ಎಂದು ಫೋನಿನಲ್ಲಿ ನಗುತ್ತಿದ್ದರು.

ಆದರೆ ಕಲಿತರು. ಅವರ ರೋಗಿಗಳಿಗೆ ಅರಿವಳಿಕೆ ಕೊಡಲು ಆಗಾಗ ನನ್ನನ್ನೂ ಕರೆಸಿಕೊಳ್ಳುತ್ತಿದ್ದರು. ನನಗೆ ಆ ಯಂತ್ರದ ಮೇಲೆ ಪ್ರೀತಿಯೇನಿಲ್ಲ. ನಾಲ್ಕು ತೋಳು ಚಾಚಿಕೊಂಡು ರೋಗಿಯ ಮೇಲೆ ಬಗ್ಗಿ ನಿಂತರೆ ನನಗೆ ರೋಗಿಯ ಮುಖ ಕಾಣುವುದೇ ಕಷ್ಟ. ಡಾಕ್ಟರು ಮಾತ್ರ ಮೂಲೆಯ ಕುರ್ಚಿಯಲ್ಲಿ ಕೂತು, ಕಿಂಡಿಯೊಳಗೆ ಮುಖವಿಟ್ಟು, ಬೆರಳುಗಳನ್ನು ಉಂಗುರದಂಥ ಹಿಡಿಗಳಲ್ಲಿ ತೂರಿಸಿ ಕೆಲಸ ಮಾಡುತ್ತಿದ್ದರು. ಅವರ ಕೈ ಹಿಡಿಯಲ್ಲಿ ನಡುಗುವುದು ನನಗೆ ಕಾಣುತ್ತಿತ್ತು. ಪರದೆಯ ಮೇಲೆ, ರೋಗಿಯ ಒಳಗಿದ್ದ ಆ ಪುಟ್ಟ ಕತ್ತರಿ ನಡುಗುತ್ತಿರಲಿಲ್ಲ. ಯಂತ್ರ ನಡುಕವನ್ನು ಸೋಸಿ, ಉದ್ದೇಶವನ್ನಷ್ಟೇ ಒಳಗೆ ಕಳಿಸುತ್ತಿತ್ತು. ಹೊಟ್ಟೆ ತೆರೆದು ಕೈಯಿಕ್ಕಬೇಕಾದ ಪ್ರಸಂಗ ಬಂದರೆ ಇರಲೆಂದು ಇನ್ನೊಬ್ಬ ಸರ್ಜನ್ ಕೈ ತೊಳೆದು ರೋಗಿಯ ಪಕ್ಕದಲ್ಲೇ ನಿಂತಿರುತ್ತಿದ್ದರು. ಆಸ್ಪತ್ರೆಯವರಿಗೆ ಇದೆಲ್ಲ ಗೊತ್ತಿದ್ದೇ ಮಾಡಿದ ಏರ್ಪಾಡು. ಮೊದಲ ದಿನ ಹೊರಗೆ ಬಂದವರ ಕಣ್ಣು ಒದ್ದೆಯಾಗಿತ್ತು. "ನನ್ನ ಕೈ ನನಗೆ ವಾಪಸ್ ಸಿಕ್ತು" ಎಂದರು. ಅವರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ.

ರಾಮನಗರದ ಭಾನುವಾರದ ಕ್ಲಿನಿಕ್ಕನ್ನು ಅವರು ಬಿಡಲಿಲ್ಲ. ತಾಪತ್ರಯ ಶುರುವಾದದ್ದು ಅಲ್ಲಿ. ಜನಕ್ಕೆ ರೋಬಾಟ್ ಎಂದರೆ ಅದು ತಾನೇ ಎದ್ದು ಬಂದು ಕೊಯ್ಯುತ್ತದೆ ಎಂಬ ಭಾವನೆ. ದೊಡ್ಡಆಲಹಳ್ಳಿಯ ಒಬ್ಬ ಅಜ್ಜಿ, "ಅದು ಕುಯ್ಯೋವಾಗ ನೀವೆಲ್ಲಿರ್ತೀರಾ ಸ್ವಾಮಿ?" ಎಂದು ಕೇಳಿತು.

"ಅಲ್ಲೇ ಮೂಲೇಲಿ ಕೂತಿರ್ತೀನಿ ಅಜ್ಜಿ. ನಾನು ಆಡಿಸಿದ ಹಾಗೆ ಅದು ಆಡುತ್ತೆ."

"ಮೂಲೇಲಿ ಕೂತ್ಕಳಕ್ಕೆ ನೀವ್ಯಾಕೆ ಬೇಕು? ನಮ್ ಯಜಮಾನ್ನೇ ಕೂರುಸ್ತೀನಿ, ಅವ್ನಿಗೂ ಅದೇ ಕೆಲ್ಸ."

ಡಾಕ್ಟರು ಬಿದ್ದು ಬಿದ್ದು ನಕ್ಕರು. ಕೊನೆಗೆ ಅಜ್ಜಿ ಒಪ್ಪಿದ್ದು ಅವರು ಹೊಟ್ಟೆಯ ಮೇಲೆ ಕೈಯಿಟ್ಟು, "ಅವತ್ತೂ ಹೀಗೇ ಕೈಯಿಟ್ಟೇ ಮೂಲೆಗೆ ಹೋಗೋದು" ಎಂದು ಮಾತು ಕೊಟ್ಟ ಮೇಲೆ. ಅಲ್ಲಿಂದ ಅದೇ ಉಪಾಯವಾಯಿತು. ಕೈಯಿಡುವುದು, ಮೂಲೆಗೆ ಹೋಗುವುದು. ಜನರು ಅದನ್ನು ಹಳೆಯ ಲೆಕ್ಕಕ್ಕೇ ಸೇರಿಸಿಕೊಂಡರು. "ಮಿಷನ್ನಿಗೂ ಅವರ ಕೈಗುಣ ಬಂದೈತೆ" ಎಂದು ಮಾಗಡಿಯ ಕಡೆ ಮಾತಾಡಿಕೊಂಡರಂತೆ. ನಡುಕದ ವಿಷಯ ಮಾತ್ರ ಊರಿಗೆ ತಿಳಿಯಲಿಲ್ಲ. ಕ್ಲಿನಿಕ್ಕಿನಲ್ಲಿ ಅವರು ಬರೆಯುತ್ತಿರಲಿಲ್ಲ, ಹೇಳಿ ಬರೆಸುತ್ತಿದ್ದರು. ಕಾಫಿ ಕುಡಿಯುತ್ತಿರಲಿಲ್ಲ. ಮಾತಾಡುವಾಗ ಬಲಗೈ ಜೇಬಿನಲ್ಲಿರುತ್ತಿತ್ತು.

ಹೀಗಿರುವಾಗ ಅಣ್ಣನಿಗೆ ಮೂತ್ರದಲ್ಲಿ ರಕ್ತ ಕಾಣಿಸಿತು. ನೋವಿಲ್ಲ, ಜ್ವರವಿಲ್ಲ. ಸ್ಕ್ಯಾನ್ ಮಾಡಿಸಿದರೆ ಒಂದು ಮೂತ್ರಪಿಂಡದಲ್ಲಿ ಕ್ಯಾನ್ಸರ್ ಗಡ್ಡೆ. ಚಿಕ್ಕದು, ಎಲ್ಲಿಗೂ ಹರಡಿರಲಿಲ್ಲ. ಗಡ್ಡೆಯನ್ನಷ್ಟೇ ಬಿಡಿಸಿ ತೆಗೆದು ಉಳಿದ ಮೂತ್ರಪಿಂಡವನ್ನು ಉಳಿಸಿಕೊಳ್ಳಬಹುದಿತ್ತು. ಆ ಯಂತ್ರವನ್ನು ಯಾವ ಕೆಲಸಕ್ಕೆಂದು ಮಾಡಿದ್ದಾರೋ ಅದೇ ಕೆಲಸ. ಡಾಕ್ಟರಿಗೆ ಎದೆಯ ಭಾರ ಇಳಿದಂತಾಯಿತು. ಇಂಥದ್ದನ್ನು ಅವರು ಅದಾಗಲೇ ಬೇಕಾದಷ್ಟು ಮಾಡಿದ್ದರು.

ಅಣ್ಣ ಒಪ್ಪಲಿಲ್ಲ. ಕ್ಲಿನಿಕ್ಕಿನಲ್ಲಿ ನಾನೂ ಇದ್ದೆ.

"ಮಿಷನ್ ಊರೋರಿಗೆ ಇಟ್ಕ. ನಂಗೆ ನಿನ್ ಕೈ ಸಾಕು. ಕುಯ್ಯಿ, ಕೈಯಿಕ್ಕು, ತಗಿ."

"ಅಣ್ಣ, ಮಿಷನ್ನಲ್ಲಿ ಸಣ್ಣ ತೂತು. ರಕ್ತ ಹೋಗಲ್ಲ. ಬೇಗ ಎದ್ದು ಓಡಾಡ್ಬೋದು."

"ನಂಗೇನ್ಲಾ ಅವಸರ? ಮೆಲ್ಲಗೇ ಏಳ್ತೀನಿ."

"ಒಳಗಡೆ ಹತ್ತುಪಟ್ಟು ದೊಡ್ಡದಾಗಿ ಕಾಣುತ್ತೆ ಅಣ್ಣ."

"ಆ ಮಿಷನ್ ಇಲ್ದಾಗ ನಿಂಗೆ ಕಣ್ಣು ಕಾಣ್ತಿರ್ಲಿಲ್ವಾ? ಎಷ್ಟು ಜನುಕ್ಕೆ ಮಾಡ್ಲಿಲ್ಲ ನೀನು!"

ಇನ್ನೊಬ್ಬ ಸರ್ಜನ್ ಕೈಯಲ್ಲಾದರೂ ಮಾಡಿಸೋಣವೆಂದರೆ, ಒಡಹುಟ್ಟಿದವನಿದ್ದು ಬೇರೆಯವರ ಕೈಗೆ ಯಾಕೆ ಬೀಳಲಿ ಎಂದರು. ಡಾಕ್ಟರು ಯಂತ್ರವನ್ನು ಇನ್ನಷ್ಟು ಹೊಗಳಿದರು. ಹೊಗಳಿದಷ್ಟೂ ಅಣ್ಣನ ಮುಖದಲ್ಲಿ ಒಂದು ಬಗೆಯ ಮೃದುತನ ಮೂಡಿತು. ಎದ್ದು ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಅವನಿಗೆ ಭಯ ಅವ್ವಾ. ಅಣ್ಣನ ಮೈಮೇಲೆ ಕತ್ತಿ ಇಕ್ಕಬೇಕಲ್ಲ, ಕರುಳು ಕಿತ್ತು ಬತ್ತೈತೆ. ಅದುಕ್ಕೇ ಮಿಷನ್ ಮಿಷನ್ ಅಂತಾನೆ. ಒಸಿ ದಿನ ಕಳೀಲಿ, ಧೈರ್ಯ ಬತ್ತದೆ. ನಾನು ಕಾಯ್ತೀನಿ" ಎಂದರು. ಅವರ ಪ್ರಕಾರ ಅವರು ಕಾಯುತ್ತಿದ್ದದ್ದು ತಮ್ಮನ ಮೇಲಿನ ಪ್ರೀತಿಯಿಂದ.

ಆ ಮಾತನ್ನು ಆಗಲೇ ಡಾಕ್ಟರಿಗೆ ಹೇಳಿದೆ. "ಹೇಳ್ಬಿಡಿ ಸಾರ್. ಕೈ ನಡುಗುತ್ತೆ ಅಣ್ಣ, ಮಿಷನ್ನಲ್ಲಿ ನಡುಗಲ್ಲ ಅಂತ ಎರಡು ಮಾತು. ಮುಗೀತು."

"ಹೇಳ್ತೀನಿ."

"ಇವತ್ತೇ ಹೇಳಿ."

"ನೀವು ಅಣ್ಣನ ಮುಖ ನೋಡಿಲ್ಲ ಡಾಕ್ಟ್ರಮ್ಮ, ಅಪ್ಪನ್ನ ಊರೋರು ಆಡಿಕೊಳ್ಳೋವಾಗ. ನಮ್ಮಪ್ಪನ ಕೈಯಿಂದ ಅವರು ಶಾಲೆ ಬಿಟ್ರು. ನನ್ನ ಕೈ ನೋಡ್ಕೊಂಡು ಇಷ್ಟು ವರ್ಷ ಬದುಕಿದ್ದಾರೆ. ಈಗ ಹೋಗಿ, ಇದೂ ಅದೇ ಕೈ ಅಣ್ಣ ಅಂತ ಹೇಗೆ ಹೇಳಲಿ?"

ನನಗೆ ಕೋಪ ಬಂತು. ಅವತ್ತು ಗಟ್ಟಿಯಾಗಿ ಜಗಳವನ್ನೇ ಆಡಿದೆ. ಕೈ ದೊಡ್ಡದೋ ಅಣ್ಣ ದೊಡ್ಡವರೋ ಎಂದು ಕೇಳಿದೆ. ನಾನೇ ಹೇಳುತ್ತೇನೆ ಎಂದೆ. ಅವರು ಕೈಮುಗಿದರು. ಆ ಮುಗಿದ ಕೈಗಳೂ ನಡುಗುತ್ತಿದ್ದವು. "ನಾನೇ ಹೇಳ್ತೀನಿ, ನನ್ನ ಬಾಯಿಂದ್ಲೇ ಕೇಳ್ಬೇಕು ಅವರು" ಎಂದರು. ಅದು ನ್ಯಾಯವಾದ ಮಾತು. ಆ ನ್ಯಾಯದ ಮಾತಿನ ಹಿಂದೆ ಅವರು ಎಷ್ಟು ದಿನ ಅಡಗಿಕೊಳ್ಳುತ್ತಾರೆಂದು ನನಗೆ ತಿಳಿಯಲಿಲ್ಲ.

ಆಮೇಲೆ ಹುಳು ಹಣ್ಣಾದವು, ಗೂಡು ಮಾರುಕಟ್ಟೆಗೆ ಹೋಯಿತು, ಹಬ್ಬ ಬಂತು, ಅಣ್ಣನ ಮೊಮ್ಮಗಳ ಹೆಸರಿಡುವ ಶಾಸ್ತ್ರ ಬಂತು. ಅಣ್ಣ ಸಿಕ್ಕಾಗಲೆಲ್ಲ, "ಏನ್ಲಾ, ಧೈರ್ಯ ಬಂತಾ?" ಎಂದು ನಗುತ್ತಾ ಕೇಳುತ್ತಿದ್ದರು. ಡಾಕ್ಟರು ಪ್ರತಿ ಸಲವೂ ಬಾಯಿ ತೆರೆದು ಯಂತ್ರದ ಬಗ್ಗೆಯೇ ಹೇಳುತ್ತಿದ್ದರು. ನಾನು ಫೋನ್ ಮಾಡಿದರೆ, "ಈ ಭಾನುವಾರ ಖಂಡಿತ" ಎನ್ನುತ್ತಿದ್ದರು. ಒಬ್ಬರು ಕಾಯುತ್ತಾ, ಇನ್ನೊಬ್ಬರು ಮುಂದೂಡುತ್ತಾ ಬೆಳೆಯ ಮೇಲೆ ಬೆಳೆ ಕಳೆದು ವರ್ಷ ದಾಟಿತು. ಬೆನ್ನು ನೋವೆಂದು ಅಣ್ಣ ಮತ್ತೆ ಸ್ಕ್ಯಾನಿಗೆ ಬಂದಾಗ ಗಡ್ಡೆ ಮೂತ್ರಪಿಂಡ ದಾಟಿ ಶ್ವಾಸಕೋಶದಲ್ಲಿ ಕೂತಿತ್ತು. ಕೈಯಿಂದಾಗಲಿ ಯಂತ್ರದಿಂದಾಗಲಿ ತೆಗೆಯುವ ಮಾತು ಅಲ್ಲಿಗೆ ಮುಗಿಯಿತು. ಔಷಧಿ ಕೊಟ್ಟರು, ಅದು ಹಿಡಿಯಲಿಲ್ಲ.

ಅಣ್ಣ ಹೋದ ಮೇಲೆ ಡಾಕ್ಟರು ಒಂದು ಆಪರೇಷನ್ನನ್ನೂ ಮಾಡಲಿಲ್ಲ. ಆಸ್ಪತ್ರೆಯವರು ಎಷ್ಟೋ ಸಲ ಕರೆದರು. ಭಾನುವಾರದ ಕ್ಲಿನಿಕ್ಕಿನ ಬೋರ್ಡನ್ನೂ ತೆಗೆಸಿದರು. ಆ ಕುರ್ಚಿಯಲ್ಲಿ ಕೂತು ಇನ್ನೂ ಎಷ್ಟೋ ಜನರನ್ನು ಉಳಿಸಬಹುದಿತ್ತು ಅವರು. ಜನ ಅಣ್ಣನನ್ನು ಕಳೆದುಕೊಂಡ ದುಃಖ ಎಂದುಕೊಂಡರು. ಬರೀ ದುಃಖವಾಗಿದ್ದರೆ ಅವರು ಮತ್ತೆ ಏಳುತ್ತಿದ್ದರು. ಅಣ್ಣ ಹೋಗುವ ಮುಂಚಿನ ಆ ಮಧ್ಯಾಹ್ನ ನಾನು ಜೊತೆಯಲ್ಲಿದ್ದುದರಿಂದ ನನಗೆ ಗೊತ್ತು.

ಅಣ್ಣ ಊಟ ಬಿಟ್ಟಿದ್ದಾರೆ, ನೀರೂ ಇಳಿಯುತ್ತಿಲ್ಲ ಎಂದು ಅತ್ತಿಗೆ ಫೋನ್ ಮಾಡಿದ್ದರು. ಡ್ರಿಪ್ ಹಾಕೋಣವೆಂದು ನಾವಿಬ್ಬರೂ ಊರಿಗೆ ಹೋದೆವು. ಹುಳುಮನೆ ಖಾಲಿಯಿತ್ತು, ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರು. ನಡುಮನೆಯ ಮಂಚದ ಮೇಲೆ ಅಣ್ಣ ಅರ್ಧ ಆಳಾಗಿ ಮಲಗಿದ್ದರು. ನಾನು ಬಾಟಲಿ ತೂಗುಹಾಕಿ, ಸೂಜಿ ತೆಗೆದು ಪಕ್ಕದಲ್ಲಿ ಕೂತೆ. ನರ ಹುಡುಕುವುದು ನನ್ನ ದಿನನಿತ್ಯದ ಕೆಲಸ.

"ನೀವು ಬ್ಯಾಡಿ ಅವ್ವಾ, ಅವನೇ ಚುಚ್ಲಿ" ಎಂದರು ಅಣ್ಣ. "ಆಪ್ರೇಸನ್ನಂತೂ ಆಗ್ಲಿಲ್ಲ. ಇದೊಂದಾರ ಅವನ ಕೈಲಿ ಆಗ್ಲಿ."

ನಾನು ಡಾಕ್ಟರ ಮುಖ ನೋಡಿದೆ. ನನಗೆ ಅಭ್ಯಾಸ ಹೆಚ್ಚು, ನೋವಾಗದ ಹಾಗೆ ಹಾಕುತ್ತೇನೆ ಎಂದು ಏನೇನೋ ಹೇಳಿದೆ. ಅಣ್ಣ ತೋಳನ್ನು ನನ್ನಿಂದ ಎಳೆದುಕೊಂಡು ತಮ್ಮನ ಕಡೆ ಚಾಚಿದರು. ಡಾಕ್ಟರು ಕೂತರು. ಜೇಬಿನಿಂದ ಕೈ ತೆಗೆದು ಸೂಜಿ ಹಿಡಿದರು. ಮೊದಲ ಸಲ ನರ ತಪ್ಪಿತು, ರಕ್ತ ಒಸರಿತು. ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದು ಮತ್ತೆ ಚುಚ್ಚಿದರು. ಮತ್ತೆ ತಪ್ಪಿತು. ಅಣ್ಣ ಸೂಜಿಯನ್ನು ನೋಡುತ್ತಿರಲಿಲ್ಲ. ಅದನ್ನು ಹಿಡಿದ ಕೈಯನ್ನು ನೋಡುತ್ತಿದ್ದರು. ಆಮೇಲೆ ಆ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಯಾವಾಗಿಂದ?"

"ಬಾಳಾ ದಿನ ಆಯ್ತು ಅಣ್ಣ."

"ಅದುಕ್ಕಾ ಮಿಷನ್ನು?"

"ಹೂಂ ಅಣ್ಣ. ಅದರಲ್ಲಿ ನಡುಗಲ್ಲ."

ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. ಅಣ್ಣ ಬಹಳ ಹೊತ್ತು ಆ ಕೈಯನ್ನು ಬಿಡಲಿಲ್ಲ. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅಪ್ಪನಿಗೆ ಸಾಯೋಗಂಟ ತುತ್ತಿಕ್ದೋನು ನಾನು ಕಣ್ಲಾ" ಎಂದರು. "ನಡುಗೋ ಕೈ ಕಂಡ್ರೆ ನಂಗೆ ನಾಚ್ಕೆ ಅಂತ ನಿಂಗ್ಯಾವನ್ಲಾ ಯೋಳ್ದೋನು? ಒಂದ್ ಮಾತು ಯೋಳಿದ್ರೆ ಅವತ್ತೇ ಬಂದು ಆ ಮಿಷನ್ ಅಡೀಲಿ ಮನೀಕತಿದ್ನಲ್ಲೋ."